ಕರಿ ಹೆಲ್ಮೆಟ್ಟಿನವನ ಹೆಸರೇನು?

ಮೊರ್ಜಿನಾ ಹೆತ್ತು ಇವತ್ತಿಗೆ ಏಳನೇ ದಿನ. ಮಧ್ಯಾಹ್ನದ ಊಟಕ್ಕೆ ಮೊದಲು ಕೂಸಿಗೆ ಹೆಸರಿಡಬೇಕು. ಹೆಸರಿಡಬೇಕಾದ ಅಜ್ಜಿ ಸೂರ್ಜಬಾನು ಮಾತ್ರ ಇನ್ನೂ ಮಿರ್‌ಪುರದ ಗಲ್ಲಿಯಲ್ಲಿ, ತನ್ನ ಮನೆ ಮುಂದಿನ ಕಟ್ಟೆಯ ಮೇಲೆ, ಒಂದು ಸೋರೆಕಾಯಿಯನ್ನು ಅಪ್ಪಿಕೊಂಡು ಕೂತಿದ್ದಾಳೆ. ಬಾಣಂತಿಗೆ ಹಾಲಿಳಿಯಲಿ ಎಂದು ಉಗುರು ಚುಚ್ಚಿ ಆರಿಸಿ ತಂದ ಎಳೆಕಾಯಿ ಅದು. ಚೀಲದಲ್ಲಿ ಕರಿಜೀರಿಗೆ ಚಟ್ನಿಯ ಡಬ್ಬಿಯೂ ಇದೆ. ಎಲ್ಲವೂ ತಯಾರು. ಮಗಳ ಮನೆಯಿರುವ ಕಲ್ಯಾಣಪುರಕ್ಕೆ ಹೋಗುವುದು ಹೇಗೆ ಅನ್ನುವುದೊಂದೇ ಇನ್ನೂ ಇತ್ಯರ್ಥವಾಗಿಲ್ಲ.

ಢಾಕಾದಲ್ಲಿ ಗಾಡಿಗಳಿಗೇನು ಬರವೇ? ರಸ್ತೆ ಕಾಣದಷ್ಟು ಗಾಡಿ. ಆದರೆ ಸೂರ್ಜಬಾನುವಿನ ಪಾಲಿಗೆ ಒಂದೂ ಇಲ್ಲ.

ಬಸ್ಸಿನ ಹೆಸರೆತ್ತಿದರೆ ಅವಳು ಬಲಗೈ ತೋರಿಸುತ್ತಾಳೆ. ಈ ಊರಿನ ಬಸ್ಸು ನಿಲ್ಲುವುದಿಲ್ಲ, ನಿಂತಂತೆ ಮಾಡುತ್ತದೆ, ಅಷ್ಟೇ. ಬಾಗಿಲಿಗೆ ಜೋತುಬಿದ್ದ ಹೆಲ್ಪರ್ ಬಸ್ಸಿನ ಮೈಗೆ ಪಟಪಟ ಬಡಿದು, "ಲೇಡೀಸ್ ಇಳೀತಾರೆ! ಎಡಗಾಲು ಮುಂದೆ, ಎಡಗಾಲು!" ಎಂದು ಕೂಗುತ್ತಾನೆ. ಓಡುವ ಬಸ್ಸಿನಿಂದ ಎಡಗಾಲು ಮುಂದಿಟ್ಟು ಇಳಿದರೆ ಬೀಳುವುದಿಲ್ಲವಂತೆ. ನಿಲ್ಲಿಸಿದರೆ ಯಾವ ಕಾಲಿಟ್ಟರೂ ಬೀಳುವುದಿಲ್ಲವಲ್ಲೋ ಎಂದು ಅವನನ್ನು ಕೇಳುವವರಿಲ್ಲ. ಹಿಂದಿನ ವರ್ಷ ಸೂರ್ಜಬಾನು ತಂಗಿಯ ಮಗಳ ಮದುವೆಗೆ ಹೊರಟಿದ್ದಳು. ಶುಭಕಾರ್ಯಕ್ಕೆ ಹೋಗುವಾಗ ಎಡಗಾಲು ಮುಂದಿಡುವುದುಂಟೇ? ಬಲಗಾಲಿಟ್ಟಳು. ಮದುವೆ ಊಟವನ್ನು ಎಡಗೈಯಲ್ಲಿ ಚಮಚ ಹಿಡಿದು ಉಂಡಳು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು.

ಹಸಿರು ಪಂಜರದ ಆಟೋಗಳಿವೆ. ಒಳಗೆ ಮೀಟರೂ ಇದೆ, ಸತ್ತ ಗಡಿಯಾರದ ಹಾಗೆ. ಕಲ್ಯಾಣಪುರ ಅಂದರೆ ಡ್ರೈವರ್ ಆಕಾಶ ನೋಡುತ್ತಾನೆ. ತಲೆಯ ಮೇಲೆ ಮೆಟ್ರೋ ಓಡುತ್ತದೆ. ಅದಕ್ಕೆ ಅವಳ ತಕರಾರು ಬೇರೆ.

"ಬಾಗಿಲು ತಾನಾಗೇ ಮುಚ್ಕೊಳ್ಳುತ್ತಂತೆ. ನನ್ನ ಸೆರಗು ಸಿಕ್ಕಾಕ್ಕೊಂಡ್ರೆ ಯಾರನ್ನ ಬಯ್ಯಲಿ? ಬಸ್ಸಲ್ಲಾದ್ರೆ ಬಯ್ಯೋಕೆ ಹೆಲ್ಪರ್ ಆದ್ರೂ ಇರ್ತಾನೆ."

ಮಗ ಮೊಕ್ಲೇಸ್ ನಿಂತುಕೊಂಡೇ ಚಹಾ ಕುಡಿಯುತ್ತಿದ್ದ. ಅವನದು ಬೈಕ್ ಸವಾರಿಯ ಕಸುಬು. ಮೊದಲು ಆ್ಯಪ್‌ನಲ್ಲಿ ಓಡಿಸುತ್ತಿದ್ದ. ಈಗ ಓಡಿಸುವುದು ಖೇಪ್. ಆ್ಯಪ್ ಆಫ್ ಮಾಡಿ, ಮಿರ್‌ಪುರದ ಹತ್ತನೇ ನಂಬರ್ ಸರ್ಕಲ್‌ನಲ್ಲಿ ಮೆಟ್ರೋ ಕಂಬದ ಕೆಳಗೆ ನಿಂತು, ಹೋಗಿಬರುವವರನ್ನು "ಎಲ್ಲಿಗೆ ಭಾಯ್? ಎಲ್ಲಿಗೆ ಆಪಾ?" ಎಂದು ಕರೆದು, ಬಾಯಿಮಾತಲ್ಲೇ ದರ ಕುದುರಿಸಿ ಹತ್ತಿಸಿಕೊಂಡು ಹೋಗುವುದಕ್ಕೆ ಢಾಕಾದಲ್ಲಿ ಖೇಪ್ ಅನ್ನುತ್ತಾರೆ. ಚೀಟಿಯಿಲ್ಲ, ಲೆಕ್ಕವಿಲ್ಲ, ಕಂಪನಿಗೆ ಪಾಲೂ ಇಲ್ಲ.

"ನಂಗೆ ಏರ್‌ಪೋರ್ಟ್ ಗಿರಾಕಿ ಇದೆ ಅಮ್ಮಾ. ಅದು ಮುಗಿಸ್ಕೊಂಡು ಬಂದು ಬ್ಯೂಟೀನ ಕರ್ಕೊಂಡ್ ಬರ್ತೀನಿ. ನೀನು ಮುಂಚೆ ಹೋಗು. ಸರ್ಕಲ್‌ನಲ್ಲಿ ಯಾರಾದ್ರೂ ಒಬ್ಬನ ಬೈಕ್ ಹತ್ತು. ಎಲ್ಲಾ ನಮ್ ಹುಡುಗ್ರೇ."

ಬ್ಯೂಟಿ ಅವನ ಹೆಂಡತಿ. ಒಳಗೆ ಪಾಯಸ ಕಲಕುತ್ತಿದ್ದವಳು ಅಲ್ಲಿಂದಲೇ ಕೂಗಿದಳು: "ಯಾರಾದ್ರೂ ಅಂದ್ರೆ ಯಾರು? ಅತ್ತೇನ ಮೂಟೆ ಥರ ಕಳಿಸ್ತೀರಾ?"

ಪಕ್ಕದ ಮನೆಯ ಜೋಸ್ನಾ ಆಪಾ, ಅಂದರೆ ಜೋಸ್ನಕ್ಕ, ಬಟ್ಟೆ ಒಣಹಾಕುತ್ತಿದ್ದಳು. ಮೋತಿಝೀಲ್‌ನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ದಿನವೂ ಮೆಟ್ರೋದಲ್ಲೇ ಓಡಾಟ. ಅವತ್ತು ಅವಳಿಗೆ ಸಂಜೆ ಪಾಳಿ. ಸೂರ್ಜಬಾನುವನ್ನು ಅವಳು ಖಾಲಾ, ಅಂದರೆ ಚಿಕ್ಕಮ್ಮ ಅನ್ನುತ್ತಾಳೆ.

"ಖಾಲಾ, ನನ್ನ ಫೋನಲ್ಲಿ ಬೈಕ್ ಕರೀತೀನಿ ಇರಿ. ಓಡಿಸೋನ ಹೆಸರು, ಮುಖ, ಬೈಕ್ ನಂಬರು ಎಲ್ಲಾ ಬರುತ್ತೆ. ನೀವು ಎಲ್ಲಿದ್ದೀರಿ ಅಂತ ಇಲ್ಲಿ ಕೂತೇ ನೋಡ್ತಿರ್ತೀನಿ. ಇಲ್ಲಾಂದ್ರೆ ಆಗಾರ್‌ಗಾಂವ್ ತನಕ ಮೆಟ್ರೋದಲ್ಲಿ ನಾನೇ ಬರ್ತೀನಿ, ಅಲ್ಲಿಂದ ರಿಕ್ಷಾದಲ್ಲಿ ಹೋಗಿಬಿಡಿ."

ಮೊಕ್ಲೇಸ್ ಚಹಾದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದ. "ಶುರುವಾಯ್ತು ಕಂಪನಿ ಜಪ! ಬಿಸಿಲಲ್ಲಿ ಬೇಯೋನು ನಾನು, ಪೆಟ್ರೋಲ್ ನಂದು, ಬೈಕ್ ನಂದು, ಬೆನ್ನು ನಂದು. ಎ.ಸಿ. ರೂಮಲ್ಲಿ ಕೂತೋನು ಪ್ರತಿ ಸವಾರೀಲೂ ಕಚ್ಕೊಂಡು ತಿಂತಾನೆ. ಅವನಿಗೆ ನಮ್ಮಮ್ಮನ ಹೆಸರಲ್ಲೂ ತಿನ್ನಿಸ್ಲಾ?"

"ತಿಂತಾನೆ. ನಾನೇನು ಇಲ್ಲ ಅಂದ್ನಾ?" ಎಂದಳು ಜೋಸ್ನಾ. "ಅದಕ್ಕೆ ನೀವೆಲ್ಲ ಒಟ್ಟಾಗಿ ಕಂಪನಿ ಬಾಗಿಲಿಗೆ ಹೋಗಿ ಕೂತ್ಕೊಳ್ಳಿ, ನಾನೂ ಬರ್ತೀನಿ. ಅವನ ಮೇಲಿನ ಸಿಟ್ಟಿಗೆ ಹಿಂದೆ ಕೂತೋರ ಜೀವ ಯಾಕೆ ಒತ್ತೆ ಇಡ್ತೀಯಾ?"

"ಜೀವ ಅಂತೆ! ಕಲ್ಯಾಣಪುರ ಏನು ಕಾಶ್ಮೀರನಾ? ಕಣ್ಣು ಮುಚ್ಚಿ ಬಿಡೋದ್ರೊಳಗೆ ಬರುತ್ತೆ." ಹೆಲ್ಮೆಟ್ ಸಿಕ್ಕಿಸಿಕೊಂಡು ಬೈಕ್ ಒದ್ದ. ಹೋಗಿಯೇಬಿಟ್ಟ.

ಸೂರ್ಜಬಾನುವಿಗೆ ಇಬ್ಬರ ಜಗಳವೂ ಬೇಕಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ಅಳಿಯನ ಸೋದರತ್ತೆ. ಆ ಮಹಾತಾಯಿ ಬೆಳಗ್ಗೆಯೇ ಬಂದು ಕೂತಿದ್ದಾಳಂತೆ, ಕೂಸಿಗೆ ಟೀವಿಯಲ್ಲಿ ಬರುವ ಯಾವುದೋ ಹೆಸರು ಇಡಬೇಕೆಂದು. ತಾನು ತಡಮಾಡಿದರೆ ಮುಗಿಯಿತು, ಮೊಮ್ಮಗಳು ಆಯುಷ್ಯಪೂರ್ತಿ ಆ ಹೆಸರು ಹೊರಬೇಕು. ಜೋಸ್ನಾ ಫೋನ್ ತರಲು ಒಳಗೆ ಹೋದದ್ದೇ ತಡ, ಮುದುಕಿ ಸೋರೆಕಾಯಿ ಎತ್ತಿಕೊಂಡು ಗಲ್ಲಿ ದಾಟಿದ್ದಳು.

ಮೊಕ್ಲೇಸ್ ಏರ್‌ಪೋರ್ಟ್‌ನಿಂದ ಬಂದ. ಸ್ನಾನ ಮಾಡಿದ, ಹೊಸ ಪಂಜಾಬಿ ಅಂಗಿ ತೊಟ್ಟ, ಅತ್ತರು ಹಚ್ಚಿಕೊಂಡ. ಬ್ಯೂಟಿ ಪಾಯಸದ ಡಬ್ಬಿಗೆ ಬಟ್ಟೆ ಕಟ್ಟುತ್ತಿದ್ದಳು. ಆಗ ಮೊರ್ಜಿನಾಳ ಫೋನ್ ಬಂತು.

"ಭಾಯ್ಯಾ, ಅಮ್ಮ ಎಲ್ಲಿ? ಇವ್ರ ಸೋದರತ್ತೆ ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಕೂತ್ಬಿಟ್ಟಿದ್ದಾರೆ!"

"ಏನು? ಇನ್ನೂ ಬಂದಿಲ್ವಾ?"

"ಬಂದಿದ್ರೆ ಯಾಕ್ ಕೇಳ್ತಿದ್ದೆ?"

ಅವನು ತಾಯಿಗೆ ಫೋನ್ ಹಚ್ಚಿದ. ಫೋನ್ ಒಳಗಿನ ದಿಂಬಿನ ಕೆಳಗೆ ಬಡಿದುಕೊಂಡಿತು. ಬ್ಯೂಟಿ ಅದನ್ನು ಕೈಯಲ್ಲಿ ಹಿಡಿದು ಬಂದು ಗಂಡನ ಮುಖ ನೋಡಿದಳು. ಬೈಕಿನ ಕೀಲಿಯನ್ನು ಅವನ ಕೈಗಿಟ್ಟಳು.

ಮೊಕ್ಲೇಸ್ ಸರ್ಕಲ್‌ಗೆ ಬೈಕ್ ಓಡಿಸಿದ. ಜೋಸ್ನಾ ಹಿಂದೆಯೇ ರಿಕ್ಷಾ ಹತ್ತಿ ಬಂದಳು. ಮೆಟ್ರೋ ಕಂಬದ ನೆರಳಲ್ಲಿ ಎಂದಿನಂತೆ ಸವಾರರು ಬೈಕ್‌ಗಳ ಮೇಲೆ ಅಡ್ಡಡ್ಡ ಮಲಗಿ ಕಡಲೆ ತಿನ್ನುತ್ತಿದ್ದರು.

"ಏಯ್, ನಮ್ಮಮ್ಮ ಬಂದಿದ್ರಾ? ಬಿಳಿ ಸೀರೆ. ಕೈಯಲ್ಲಿ ಸೋರೆಕಾಯಿ."

"ಓ, ಸೋರೆಕಾಯಿ ಅಜ್ಜಿ!" ಒಬ್ಬ ಎದ್ದು ಕೂತ. "ನಿಮ್ಮಮ್ಮನಾ ಅದು? ಅಪ್ಪಾ, ಏನ್ ಚೌಕಾಶಿ ಗುರೂ! ಮೀನಿನವನ ಹತ್ರ ಕೂಡ ಹಂಗೆ ಯಾರೂ ಎಳೆದಾಡಲ್ಲ. ಅರ್ಧಕ್ಕೆ ಇಳಿಸಿಬಿಟ್ರು."

"ಯಾರ ಬೈಕ್ ಹತ್ತಿದ್ರು?"

"ಅವನದ್ದೇ. ಕರಿ ಹೆಲ್ಮೆಟ್."

ಮೊಕ್ಲೇಸ್ ಸುತ್ತ ನೋಡಿದ. ಅಲ್ಲಿದ್ದ ಹೆಲ್ಮೆಟ್ಟುಗಳೆಲ್ಲ ಕರಿ. ಅವನ ಕಂಕುಳಲ್ಲಿದ್ದದ್ದೂ ಕರಿಯೇ.

"ಹೆಸರೇನು ಅವನದು?"

"ಹೆಸರಾ? ಯಾರಿಗ್ಗೊತ್ತು? ಇವತ್ತು ಬಂದಿದ್ದ."

"ಬೈಕ್ ನಂಬರ್?"

"ನನ್ ಬೈಕ್ ನಂಬರ್ರೇ ನಂಗೆ ನೆನಪಿರಲ್ಲ, ಮೊಕ್ಲೇಸ್ ಭಾಯ್!" ಎಂದು ಇನ್ನೊಬ್ಬ ನಕ್ಕ. ಮೊಕ್ಲೇಸನ ಮುಖ ನೋಡಿ ನಗು ನುಂಗಿಕೊಂಡ.

ಸೋರೆಕಾಯಿಯನ್ನು ಎಲ್ಲರೂ ನೋಡಿದ್ದರು. ಚಹಾದವನು ನೋಡಿದ್ದ, ಪೇರಲೆ ಮಾರುವವಳು ನೋಡಿದ್ದಳು. ಸವಾರನನ್ನು ನೋಡಿದವರು ಒಬ್ಬರೂ ಇಲ್ಲ.

ಟ್ರಾಫಿಕ್ ಸಾರ್ಜೆಂಟ್ ಬಿಸಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಮೊಕ್ಲೇಸ್ ಅವನ ಹತ್ತಿರ ಓಡಿದ.

"ಆ್ಯಪ್ ಸವಾರೀನಾ? ಹಂಗಾದ್ರೆ ನಂಬರ್ ಕೊಡು, ವೈರ್‌ಲೆಸ್‌ನಲ್ಲಿ ಹೇಳ್ತೀನಿ."

"ಇಲ್ಲ ಸಾರ್. ಖೇಪ್."

ಸಾರ್ಜೆಂಟ್ ಅವನನ್ನೂ ಅವನ ಬೈಕನ್ನೂ ಮೇಲಿಂದ ಕೆಳಗೆ ನೋಡಿದ. "ಕರಿ ಹೆಲ್ಮೆಟ್ ಹಾಕಿರೋ ಒಬ್ಬ ಗಂಡಸು, ಅಷ್ಟೇನಾ? ಢಾಕಾದಲ್ಲಿ? ನಾನು ಗಾಳೀನ ಹಿಡ್ಕೊಡ್ಲಾ ತಮ್ಮಾ? ಠಾಣೆಗೆ ಹೋಗಿ ಬರೆಸು. ನಾನೂ ಮುಂದಿನವ್ರಿಗೆ ಹೇಳಿಡ್ತೀನಿ. ಆದ್ರೆ ಏನಂತ ಹೇಳ್ಲಿ, ನೀನೇ ಹೇಳು."

ಮೊಕ್ಲೇಸ್ ಬೈಕ್ ಹತ್ತಿರ ಬಂದು ನಿಂತ. ಎಲ್ಲಿ ಹುಡುಕುವುದು? ಎಡಕ್ಕೆ ಹೋಗುವುದೋ, ಬಲಕ್ಕೆ ಹೋಗುವುದೋ? ಆಗ ಪುಸ್ತಕದ ಚೀಲ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಅವಸರವಾಗಿ ಬಂದಳು.

"ಭಾಯ್, ಫಾರ್ಮ್‌ಗೇಟ್ ಬರ್ತೀರಾ? ಬೇಗ, ಕ್ಲಾಸಿದೆ." ಅವನು ಉತ್ತರ ಕೊಡುವ ಮೊದಲೇ ಅವಳು ಬೈಕಿನ ಹಿಡಿಯಲ್ಲಿ ನೇತುಹಾಕಿದ್ದ ಎರಡನೇ ಹೆಲ್ಮೆಟ್ಟನ್ನು ತೆಗೆದುಕೊಂಡು ತಲೆಗೆ ಹಾಕಿಕೊಂಡಳು. ಅದು ಹೆಲ್ಮೆಟ್ಟೋ ಪ್ಲಾಸ್ಟಿಕ್ ಬೋಗುಣಿಯೋ, ಪೊಲೀಸರ ಕಣ್ಣಿಗೆ ಮಣ್ಣೆರಚುವುದಕ್ಕೆ ಇಟ್ಟದ್ದು.

ಮೊಕ್ಲೇಸ್ ಅವಳನ್ನೇ ನೋಡಿದ. "ನನ್ನ ಹೆಸರು ಗೊತ್ತಾ ನಿಂಗೆ?"

"ಹಾಂ?"

"ನನ್ನ ಹೆಸರು. ಗೊತ್ತಾ? ನಾನ್ಯಾರು ಅಂತ ಗೊತ್ತಾ? ನಿಂಗೇನಾದ್ರೂ ಆದ್ರೆ ನಿಮ್ಮಮ್ಮ ಯಾರನ್ನ ಹುಡುಕ್ಬೇಕು, ಹೇಳು!" ಅವನ ದನಿ ಒಡೆದು ರಸ್ತೆಯಾಚೆಗೂ ಕೇಳಿಸಿತು.

ಹುಡುಗಿ ಹೆದರಿ ಹೆಲ್ಮೆಟ್ ಕಳಚಿ ಸೀಟಿನ ಮೇಲಿಟ್ಟಳು. "ಬೇಡ ಬಿಡಿ ಭಾಯ್," ಎಂದು ಹಿಂದೆ ಹಿಂದೆ ನಡೆದು, ತಿರುಗಿ, ಮೆಟ್ರೋ ಮೆಟ್ಟಿಲು ಹತ್ತಿಬಿಟ್ಟಳು.

ಜೋಸ್ನಾ ಅವನ ತೋಳು ಹಿಡಿದಳು. "ಅವಳ ಮೇಲೆ ಯಾಕೆ ರೇಗ್ತೀಯಾ?"

"ಅವಳ ಮೇಲಲ್ಲ ಆಪಾ." ಅವನು ಮುಖ ಒರೆಸಿಕೊಂಡ. "ದಿನಾ ಎಷ್ಟು ಜನ ಹಿಂಗೇ ಹತ್ತುತಾರೆ ಗೊತ್ತಾ? ಮುಖ ಕೂಡ ನೋಡಲ್ಲ. ಇಷ್ಟು ದಿನ ಅದನ್ನ ನಾನು ನಂಬಿಕೆ ಅಂದ್ಕೊಂಡಿದ್ದೆ. ನಂಬಿಕೆ ಅಲ್ಲ, ಅವರಿಗೆ ಗತಿಯಿಲ್ಲ. ಅದ್ರಲ್ಲೇ ನಾನು ಹೊಟ್ಟೆ ಹೊರ್ಕೋತಿದ್ದೀನಿ."

ಜೋಸ್ನಾ ಅವನ ತೋಳು ಬಿಟ್ಟಳು. ಅವಳ ಕಣ್ಣು ಮೆಟ್ರೋ ಮೆಟ್ಟಿಲುಗಳ ಮೇಲೆ ನೆಟ್ಟಿತ್ತು.

ಮೇಲಿನಿಂದ, ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ, ಬಿಳಿ ಸೀರೆಯೊಂದು ಇಳಿಯುತ್ತಿತ್ತು. ಕಂಕುಳಲ್ಲಿ ಸೋರೆಕಾಯಿ.

"ಅಮ್ಮಾ!" ಮೊಕ್ಲೇಸ್ ಮೆಟ್ಟಿಲುಗಳನ್ನು ಹಾರಿ ಹಾರಿ ಹತ್ತಿದ. ತಾಯಿಯನ್ನು ಅಪ್ಪಿಕೊಂಡ. ನಡುವೆ ಸೋರೆಕಾಯಿ ಇದ್ದದ್ದರಿಂದ ಅಪ್ಪುಗೆ ಸರಿಯಾಗಿ ಆಗಲಿಲ್ಲ.

"ಬಿಡೋ, ಕಾಯಿ ಒಡೆದೀತು!" ಎಂದಳು ಸೂರ್ಜಬಾನು. "ನಿಮ್ ಹುಡುಗ್ರೇ ಅಂದ್ಯಲ್ಲೋ, ಆ ನಿಮ್ ಹುಡುಗ ನನ್ನ ಎಲ್ಲಿಗೆ ಕರ್ಕೊಂಡ್ ಹೋಗಿದ್ದ ಗೊತ್ತಾ? ಕಮಲಾಪುರಕ್ಕೆ! ರೈಲ್ವೇ ಸ್ಟೇಷನ್ ಮುಂದೆ ಇಳಿಸ್ದ!"

ಕಲ್ಯಾಣಪುರ ಇರುವುದು ಇಲ್ಲೇ ಪಕ್ಕದಲ್ಲಿ. ಕಮಲಾಪುರ ಊರಿನ ಆ ತುದಿಯಲ್ಲಿ. ಸೂರ್ಜಬಾನುವಿಗೆ ಮುಂದಿನ ಹಲ್ಲುಗಳಿಲ್ಲ, ಬಾಯಲ್ಲಿ ಎಲೆಯಡಿಕೆ ಬೇರೆ. ಸವಾರನ ಕಿವಿಯ ಮೇಲೆ ಹೆಲ್ಮೆಟ್ಟು. ಬಾಯಿಮಾತಿನ ವ್ಯವಹಾರ. ಅವಳು ಹೇಳಿದ್ದು ಒಂದು, ಅವನು ಕೇಳಿಸಿಕೊಂಡದ್ದು ಇನ್ನೊಂದು.

"ದಾರಿ ಬೇರೆ ಅಂತ ಗೊತ್ತಾಗ್ಲಿಲ್ವಾ ಖಾಲಾ?" ಎಂದು ಜೋಸ್ನಾ ಕೇಳಿದಳು.

"ಕಣ್ಣು ಬಿಟ್ಟಿದ್ರೆ ತಾನೆ ಗೊತ್ತಾಗೋದು! ಹತ್ತಿದ ತಕ್ಷಣ ಕಣ್ಣು ಮುಚ್ಕೊಂಡೆ, ದುವಾ ಶುರುಮಾಡ್ದೆ. ಬಹಳ ಹೊತ್ತಾಯ್ತು ನಿಜ. ಈ ಊರಲ್ಲಿ ಪಕ್ಕದ ಬೀದಿಗೆ ಹೋಗೋಕೂ ಬಹಳ ಹೊತ್ತಾಗುತ್ತಲ್ಲ! ಕಣ್ಣು ಬಿಟ್ರೆ ಎದುರಿಗೆ ರೈಲು. ನಾನು ಬೈದೆ. ಅವನೂ ಬೈದ, 'ನೀವೇ ಕಮಲಾಪುರ ಅಂದಿದ್ದು ಅಜ್ಜಿ, ಟ್ರೈನ್ ತಪ್ಪುತ್ತೇನೋ ಅಂತ ಸಂದಿ ಸಂದೀಲಿ ನುಗ್ಗಿಸ್ಕೊಂಡ್ ಬಂದೆ' ಅಂದ. ಇನ್ನೊಬ್ಬ ಗಿರಾಕಿ ಸಿಕ್ಕಿದ್ದೇ, ಹೊರಟೇ ಹೋದ. ನಾನು ಅಲ್ಲೇ ಕೂತು ಅತ್ತೆ ಕಣಮ್ಮಾ. ಸುಳ್ಳು ಯಾಕೆ ಹೇಳ್ಲಿ."

ಮೊಕ್ಲೇಸ್ ತಲೆ ತಗ್ಗಿಸಿದ.

"ಆಮೇಲೆ ಕಾಲೇಜಿನ ಒಂದು ಹುಡುಗಿ ಬಂತು, ಮನೆ ಮಿರ್‌ಪುರ ಅಂದೆ. ರಿಕ್ಷಾದಲ್ಲಿ ಮೋತಿಝೀಲ್‌ಗೆ ಕರ್ಕೊಂಡ್ ಬಂದು ಮೆಟ್ರೋ ಹತ್ತಿಸ್ತು. ಹೆಂಗಸರಿಗೇ ಬೇರೆ ಡಬ್ಬಿ! ಒಬ್ಬ ಗಂಡಸಿನ ಮೊಣಕೈ ಇಲ್ಲ. ನಾನು ಬಾಗಿಲ ಹತ್ರ ಹೆದರಿ ನಿಂತಿದ್ರೆ ಒಳಗಿರೋರೆಲ್ಲ, 'ಬನ್ನಿ ನಾನೀ, ಕೂತ್ಕೊಳ್ಳಿ' ಅಂತ ಜಾಗ ಕೊಟ್ರು. ಪೂರ್ತಿ ನಿಲ್ಲುತ್ತೆ ಕಣೋ ಅದು! ನಿಂತ್ಮೇಲೇ ಬಾಗಿಲು ತೆಗೆಯುತ್ತೆ. ಯಾವ ಕಾಲು ಬೇಕಾದ್ರೂ ಮುಂದಿಡು, ಯಾರೂ ಕೇಳಲ್ಲ." ಅವಳು ಜೋಸ್ನಾಳ ಕಡೆ ತಿರುಗಿದಳು. "ನೀನು ದಿನಾ ಇದ್ರಲ್ಲೇ ಹೋಗ್ತೀಯೇನೇ? ಒಂದು ಸಲವೂ ನನ್ನ ಜುಟ್ಟು ಹಿಡಿದು ಎಳ್ಕೊಂಡ್ ಹೋಗ್ಲಿಲ್ವಲ್ಲೇ!"

"ಇವತ್ತು ಬೆಳಗ್ಗೆ ತಾನೆ ಕರೆದೆ. ನೀವು ಕಾಯದೇ ಓಡಿದ್ರಿ."

"ಕರೆದ್ರೆ ಸಾಕಾ? ಎಳೀಬೇಕು."

ಅಷ್ಟರಲ್ಲಿ ಮೊರ್ಜಿನಾಳ ಫೋನ್ ಮತ್ತೆ ಬಂತು. ಅಮ್ಮ ಸಿಕ್ಕಿದಳೆಂದು ಕೇಳಿ ಆ ಕಡೆ ಅವಳು ಅತ್ತಳು, ಆಮೇಲೆ ಬಯ್ದಳು, ಕೊನೆಗೆ ಹೇಳಿದಳು: ಊಟಕ್ಕೆ ತಟ್ಟೆ ಇಡುತ್ತಿದ್ದಾರೆ, ಆ ಸೋದರತ್ತೆ ಹೆಸರಿಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಳೆ.

"ಹತ್ತಮ್ಮಾ, ಬೇಗ!" ಮೊಕ್ಲೇಸ್ ಬೈಕ್ ತಿರುಗಿಸಿದ.

ಸೂರ್ಜಬಾನು ಹತ್ತಲಿಲ್ಲ. "ಇದು ಖೇಪೋ?"

"ಅಮ್ಮಾ, ನಾನು! ನಿನ್ ಮಗ!"

"ಬೆಳಗ್ಗೆ ಹೋದೋನೂ ಯಾರದೋ ಮಗನೇ. ಖೇಪ್ ಹತ್ತಲ್ಲ ಅಂತ ಮೋತಿಝೀಲ್‌ನಲ್ಲೇ ಕಿವಿ ಹಿಡ್ಕೊಂಡಿದ್ದೀನಿ. ಜೋಸ್ನಾ, ನಿನ್ ಫೋನಲ್ಲಿ ಕರಿ."

ಸವಾರರೆಲ್ಲ ಬೈಕ್‌ಗಳಿಂದ ಇಳಿದು ಸುತ್ತ ನೆರೆದಿದ್ದರು. ಯಾರೋ ಒಬ್ಬ ಸಿಳ್ಳೆ ಹೊಡೆದ. ಮೊಕ್ಲೇಸನ ಕಿವಿ ಕೆಂಪಾಯಿತು. ಆದರೂ ಫೋನ್ ತೆಗೆದ. ಎಷ್ಟೋ ತಿಂಗಳಿಂದ ಮಲಗಿದ್ದ ಆ್ಯಪನ್ನು ತೆರೆದ, ತಾನು ಸಿದ್ಧ ಎಂದು ಒತ್ತಿದ. ಜೋಸ್ನಾ ಕಲ್ಯಾಣಪುರ ಎಂದು ಹಾಕಿ ಬೈಕ್ ಕರೆದಳು. ಸರ್ಕಲ್‌ನಲ್ಲಿ ಅಷ್ಟೊಂದು ಬೈಕ್‌ಗಳಿದ್ದವು, ಅಷ್ಟೊಂದು ಫೋನ್‌ಗಳಿದ್ದವು. ಎಲ್ಲರ ಆ್ಯಪೂ ಆಫ್. ಕೂಗಿದ್ದು ಮೊಕ್ಲೇಸನ ಫೋನ್ ಒಂದೇ.

"ನೋಡಿ ಖಾಲಾ, ಹಿಂಗೆ ನೋಡ್ಬೇಕು," ಎಂದು ಜೋಸ್ನಾ ಫೋನ್ ಮುಂದೆ ಹಿಡಿದಳು. "ಇದು ಬೈಕ್ ನಂಬರ್. ಮೊದಲು ಇದು ಹಿಂದಿನ ತಗಡಿನ ನಂಬರಿಗೆ ಸರಿಹೋಗ್ಬೇಕು. ಸರಿಹೋಗ್ಲಿಲ್ಲ ಅಂದ್ರೆ ಅವನು ಏನೇ ಕಥೆ ಹೇಳ್ಲಿ, ಹತ್ತಬೇಡಿ. ಹತ್ತೋ ಮುಂಚೆ ಫೋನಿಗೆ ಬರೋ ಗುಟ್ಟಿನ ನಂಬರ್, ಓಟಿಪಿ, ಕೇಳಿದ್ರೆ ಕೊಡಬೇಡಿ. 'ಕ್ಯಾನ್ಸಲ್ ಮಾಡಿ, ಹಂಗೇ ಕರ್ಕೊಂಡ್ ಹೋಗ್ತೀನಿ' ಅಂದ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ. ಈಗ ಇದನ್ನ ಒತ್ತಿದ್ರೆ ನೀವು ಹೋಗ್ತಿರೋದು ಅಲ್ಲಿ ಮೊರ್ಜಿನಾಗೆ ಕಾಣುತ್ತೆ. ಒತ್ತಿದೆ."

ಸೂರ್ಜಬಾನುವಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಬೈಕಿನ ಹಿಂದೆ ಹೋಗಿ ಬಗ್ಗಿ, ತಗಡಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು. ಎದ್ದಳು. ಪ್ಲಾಸ್ಟಿಕ್ ಬೋಗುಣಿಯನ್ನು ನೋಡಿ ಮೂತಿ ತಿರುವಿದಳು. ಮೊಕ್ಲೇಸ್ ತನ್ನ ಗಟ್ಟಿ ಹೆಲ್ಮೆಟ್ಟನ್ನು ತಾಯಿಗೆ ಹಾಕಿ ಪಟ್ಟಿ ಬಿಗಿದ. ತನಗೆ ಬೇಕಾದ್ದನ್ನು ಪಕ್ಕದವನಿಂದ ಕಡ ಪಡೆದ.

"ಇನ್ನೇನು? ಹತ್ತಮ್ಮಾ!"

"ಇರು," ಎಂದಳು ಸೂರ್ಜಬಾನು. ಹೆಲ್ಮೆಟ್ಟಿನ ಒಳಗಿನಿಂದ ಎರಡು ಕಣ್ಣು ಮಿನುಗಿದವು. "ನಿನ್ನ ಹೆಸರೇನಪ್ಪಾ?"

ಸರ್ಕಲ್‌ಗೆ ಸರ್ಕಲ್ಲೇ ಕಿವಿಗೊಟ್ಟು ನಿಂತಿತ್ತು.

"ಮೊಕ್ಲೇಸುರ್ ರಹಮಾನ್," ಎಂದ ಅವನು, ಎಲ್ಲರಿಗೂ ಕೇಳುವಂತೆ.

"ಎಲ್ಲಿಗೆ?"

"ಕಲ್ಯಾಣಪುರಕ್ಕೆ. ಕ-ಲ್ಯಾ-ಣ-ಪುರ."

"ಹಾಂ. ಈಗ ನಡಿ."

ಅವಳು ಕಲ್ಯಾಣಪುರ ಮುಟ್ಟಿದಾಗ ಅಳಿಯನ ಸೋದರತ್ತೆ ಬಾಯಿ ತೆರೆದಿದ್ದಳು, ಹೆಸರು ಇನ್ನೂ ಹೊರಗೆ ಬಿದ್ದಿರಲಿಲ್ಲ. ಸೂರ್ಜಬಾನು ಕೈಕಾಲು ತೊಳೆದು ಕೂಸನ್ನೆತ್ತಿಕೊಂಡಳು, ತಾನು ಅಂದುಕೊಂಡಿದ್ದ ಹೆಸರನ್ನೇ ಇಟ್ಟಳು. ಬ್ಯೂಟಿಯೂ ಜೋಸ್ನಾಳೂ ಮೆಟ್ರೋ ಹಿಡಿದು, ಆಗಾರ್‌ಗಾಂವ್‌ನಲ್ಲಿ ಇಳಿದು, ರಿಕ್ಷಾ ಮಾಡಿಕೊಂಡು ಪಾಯಸದ ಹೊತ್ತಿಗೆ ಬಂದರು. ಅವತ್ತಿನ ಊಟ ಹೇಗಿತ್ತೆಂದರೆ, ಆ ಅತ್ತೆ ಕೂಡ ಎರಡು ಸಲ ಹಾಕಿಸಿಕೊಂಡಳು.

ಮರುದಿನ ಮೊಕ್ಲೇಸ್ ಅದೇ ಕಂಬದ ಕೆಳಗೆ ನಿಂತ, ಆ್ಯಪ್ ಆನ್ ಮಾಡಿಕೊಂಡು. ಕಂಪನಿಯ ಪಾಲು ಕಡಿಮೆಯಾಗಲಿ ಎಂದು ಸವಾರರನ್ನೆಲ್ಲ ಸೇರಿಸಿ ಅವರ ಬಾಗಿಲಿಗೆ ಹೋಗುವ ಮಾತೂ ಅಲ್ಲೇ ಶುರುವಾಗಿದೆ. ಆ ಸಿಟ್ಟು ಅವನಿಗಿನ್ನೂ ಇದೆ, ಇರಲೇಬೇಕು. ಹಿಂದೆ ಕೂತವರ ಮೇಲೆ ಅದನ್ನು ತೀರಿಸುವುದನ್ನು ಮಾತ್ರ ಬಿಟ್ಟಿದ್ದಾನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರು ಯಾವುದಾದರೂ ಇರಲಿ. ಮೆಟ್ರೋ ಹೋಗುವಲ್ಲಿಗೆ ಮೆಟ್ರೋದಲ್ಲೇ ಹೋಗಿ. ಬಸ್ಸು ಪೂರ್ತಿ ನಿಲ್ಲುವ ತನಕ ಇಳಿಯಬೇಡಿ. ನಿಲ್ಲಿಸು ಎಂದು ಒಬ್ಬರು ಕೂಗಿದರೆ ಬಸ್ಸಿಗೆ ಬಸ್ಸೇ ಕೂಗಿ, ಡ್ರೈವರನ ಅಪ್ಪನೂ ನಿಲ್ಲಿಸುತ್ತಾನೆ. ಬೈಕೋ ಕಾರೋ ಬೇಕೇ ಬೇಕೆಂದರೆ ಆ್ಯಪ್‌ನಲ್ಲೇ ಕರೆಯಿರಿ, ನಂಬರ್ ನೋಡಿ, ಮನೆಗೆ ತಿಳಿಸಿ, ಆಮೇಲೆ ಹತ್ತಿ. ಓಡಿಸುವವನ ಹೆಸರು ಕೇಳುವುದಕ್ಕೆ ನಾಚಿಕೆ ಬೇಡ. ನೆಟ್ಟಗಿರುವವನು ಹೇಳುತ್ತಾನೆ, ಹೇಳದವನ ಹಿಂದೆ ನೀವು ಕೂರಬೇಕಾಗಿಲ್ಲ. ಮನೆಯಲ್ಲಿ ನಿಮಗಾಗಿ ಕಾಯುತ್ತ ಕೂತವರು ಯಾವತ್ತೂ ರಸ್ತೆಗೆ ಬಂದು, "ಕರಿ ಹೆಲ್ಮೆಟ್ಟಿನವನನ್ನು ನೋಡಿದಿರಾ?" ಎಂದು ಕೇಳುವಂತಾಗಬಾರದು.